ಕುಪ್ಪಿ ಹಾಲು, ತೊಟ್ಟೆ ಹಾಲು

ನಮ್ಮ ಕಡೆ ಯಾರ ಮನೆಗೆ ಹೋದರೂ ಚಹಾಕ್ಕಿಂತ ಮೊದಲು ಒಂದು ಪ್ರಕಟಣೆ ಬರುತ್ತದೆ. "ತೊಟ್ಟೆ ಹಾಲಿನ ಚಾ ಮಾರಾಯ್ರೆ, ಬೇಜಾರು ಮಾಡ್ಬೇಡಿ" ಎಂಬುದು ಪ್ಯಾಕೆಟ್ ಹಾಲಿನವರ ಬಗೆ. ಎದೆಯುಬ್ಬಿಸಿ "ಮನೆ ದನದ್ದು!" ಎನ್ನುವುದು ಇನ್ನೊಂದು. ಕಾಸರಗೋಡಿನಲ್ಲಿ ಒಬ್ಬರ ಅಂತಸ್ತನ್ನು ಅಡಿಕೆ ತೋಟದಿಂದ ಅಳೆಯುತ್ತಿದ್ದ ಕಾಲ ಹೋಯಿತು. ಈಗ ಹಟ್ಟಿಯಲ್ಲಿ ದನ ಉಂಟೋ ಇಲ್ಲವೋ ಎಂಬುದೇ ಲೆಕ್ಕ.

ಹಿಂದೆ ಹಟ್ಟಿಯಲ್ಲಿದ್ದದ್ದು ಕಾಸರಗೋಡು ಗಿಡ್ಡ. ಎತ್ತರ ಒಂದು ಮೀಟರಿನೊಳಗೆ, ಮೇಯಲು ಗುಡ್ಡವಿಡೀ ಬೇಕು. ಇಷ್ಟೆಲ್ಲ ಸುತ್ತಿ ಬಂದು ದಿನಕ್ಕೆ ಕೊಡುವುದು ಒಂದೆರಡು ಲೀಟರು. ಅದೂ ದನ, ಕರು, ಕರೆಯುವ ಅತ್ತೆ, ಮೂವರ ಮನಸ್ಸೂ ಸರಿಯಿದ್ದರೆ. ಮನೆ ಖರ್ಚು ಕಳೆದು ಉಳಿದ ನಾಲ್ಕು ಕುಡ್ತೆ ಹಾಲನ್ನು ಪೇಟೆಯ ಮನೆಗಳಿಗೆ, ಹೋಟೆಲಿಗೆ ಮುಟ್ಟಿಸುವವರು ಶಾಲೆಗೆ ಹೋಗುವ ಮಕ್ಕಳು. ಒಂದು ಕೈಯಲ್ಲಿ ಪುಸ್ತಕದ ಚೀಲ, ಇನ್ನೊಂದರಲ್ಲಿ ಕುಪ್ಪಿ. ಆ ಕುಪ್ಪಿಯ ಪೂರ್ವಾಶ್ರಮ ಬ್ರಾಂಡಿಯದ್ದು, ಬೂಚು ಬಾಳೆಲೆಯದ್ದು. ಜನ್ಮದಲ್ಲಿ ಮದ್ಯ ಮುಟ್ಟದ ನನ್ನ ಅಜ್ಜ "ಕುಪ್ಪಿ ಬರಲಿಲ್ಲವಲ್ಲ" ಎಂದು ಮುಂಜಾನೆ ಜಗಲಿಯಲ್ಲಿ ಶತಪಥ ಹಾಕುವುದನ್ನು ಕಂಡ ಹೊಸಬರು ಏನು ತಿಳಿದುಕೊಂಡರೋ!

ಬಳಿಕ ಹಾಲಿನ ಸೊಸೈಟಿ ಬಂತು. ಗುಜರಾತಿನ ಆನಂದ್‌ನಲ್ಲಿ 1946ರಲ್ಲಿ ಹುಟ್ಟಿದ ಸಹಕಾರದ ಮಾದರಿಯನ್ನು 1970ರ 'ಆಪರೇಷನ್ ಫ್ಲಡ್' ದೇಶಕ್ಕೆಲ್ಲ ಹರಿಸಿತು. ಅದರ ರೂವಾರಿ ವರ್ಗೀಸ್ ಕುರಿಯನ್ 1921ರಲ್ಲಿ ಹುಟ್ಟಿದ್ದು ಕಲ್ಲಿಕೋಟೆಯಲ್ಲಿ. ಕೇರಳದವರು ಹೊರಗೆ ಹೋಗಿ ದುಡಿದದ್ದು ಕೊನೆಗೆ ಊರಿಗೇ ಬರಬೇಕಷ್ಟೆ, ಬಂತು: 1980ರಲ್ಲಿ, ಮಿಲ್ಮಾ ಎಂಬ ಹೆಸರಿನಲ್ಲಿ. ಹಳ್ಳಿಯಲ್ಲಿ ಸೊಸೈಟಿ, ಅದರ ಮೇಲೆ ಕಲ್ಲಿಕೋಟೆಯ ಮಲಬಾರ್ ಒಕ್ಕೂಟ, ಅದಕ್ಕೂ ಮೇಲೆ ತಿರುವನಂತಪುರದ ಮಹಾಮಂಡಳ, ಹೀಗೆ ಮೂರು ಮೆಟ್ಟಿಲು. ನಮ್ಮ ಜಿಲ್ಲೆಯ ಡೈರಿ ಇರುವುದು ಕಾಞಂಗಾಡಿನ ಹತ್ತಿರ ಮಾವುಂಗಾಲಿನಲ್ಲಿ, ಆನಂದಾಶ್ರಮದ ಆಸುಪಾಸಿನಲ್ಲಿ. ಆನಂದ್‌ನಿಂದ ಹೊರಟದ್ದು ಆನಂದಾಶ್ರಮ ಸೇರಿದ್ದನ್ನು ಯೋಗವೆನ್ನದೆ ಇನ್ನೇನೆನ್ನಲಿ?

ಸೊಸೈಟಿಯಲ್ಲಿ ಬಾಯಿಮಾತು ನಡೆಯದು, ಬೆಲೆ ಕಟ್ಟುವುದು ಫ್ಯಾಟು ಮತ್ತು ಕೊಬ್ಬೇತರ ಘನಾಂಶ ಎಂಬ ಎಸ್‌ಎನ್‌ಎಫ್ ನೋಡಿ. ಕುಪ್ಪಿಯ ಕಾಲದಲ್ಲಿ "ನಿನ್ನೆ ಹಾಲು ನೀರು ನೀರಾಗಿತ್ತಲ್ಲ?" ಎಂದು ಕೇಳಿದರೆ "ಮಳೆಗಾಲ ಅಲ್ವಾ ಅಕ್ಕಾ, ದನ ಹಸಿ ಹುಲ್ಲು ತಿಂದದ್ದು" ಎನ್ನಬಹುದಿತ್ತು. ಲ್ಯಾಕ್ಟೋಮೀಟರಿಗೆ ಮಳೆಗಾಲದ ದಾಕ್ಷಿಣ್ಯವಿಲ್ಲ.

ದನವೂ ಬದಲಾಯಿತು. ಕೇರಳದ ಮಾಟ್ಟುಪೆಟ್ಟಿಯಲ್ಲಿ 1963ರಲ್ಲಿ ಶುರುವಾದ ಇಂಡೋ–ಸ್ವಿಸ್ ಯೋಜನೆ, ಸ್ವಿಸ್ ಹೋರಿಗೂ ಊರ ದನಕ್ಕೂ ಸಂಬಂಧ ಕುದುರಿಸಿ 'ಸುನಂದಿನಿ' ಎಂಬ ತಳಿಯನ್ನು ಕೊಟ್ಟಿತು. ಕೇರಳದ ಹಟ್ಟಿಯಲ್ಲಿ ಸುನಂದಿನಿ, ಕರ್ನಾಟಕದ ತೊಟ್ಟೆಯಲ್ಲಿ ನಂದಿನಿ. ಹೆಸರು ಕೇಳಿದರೆ ಅಕ್ಕತಂಗಿಯರು. ಆದರೂ 2023ರಲ್ಲಿ ನಂದಿನಿ ಕೇರಳದಲ್ಲಿ ಅಂಗಡಿ ತೆರೆದಾಗ ಮಿಲ್ಮಾ ಮುನಿಸಿಕೊಂಡಿತು. ಅದೇ ವರ್ಷ ಅಮುಲ್ ಬೆಂಗಳೂರಿಗೆ ಬರುತ್ತೇನೆಂದಾಗ ನಂದಿನಿಯ ಕಡೆಯವರು ಮುನಿಸಿಕೊಂಡಿದ್ದರು. ನಾವು ಗಡಿಯವರು, ಎರಡು ಮುನಿಸಿನಲ್ಲೂ ಪಾಲುದಾರರು. ಭಾಷೆ ಆ ಕಡೆಯದ್ದು, ರೇಷನ್ ಕಾರ್ಡು ಈ ಕಡೆಯದ್ದು. 1956ರ ನವೆಂಬರ್ 1ರಂದು ಗಡಿ ಎಳೆದವರು ನಮ್ಮನ್ನೇ ಕೇಳಿರಲಿಲ್ಲ, ಇನ್ನು ದನವನ್ನು ಕೇಳಿಯಾರೇ? ಟೋನ್ಡ್ ಹಾಲಿಗೆ ಕಾನೂನು ಹೇಳುವ ಕೊಬ್ಬು ತಲಪಾಡಿಯ ಆಚೆಗೂ ಈಚೆಗೂ ಶೇಕಡಾ 3. ಆದರೆ ಮಂಗಳೂರಿನ ಚಿಕ್ಕಮ್ಮ ನಮ್ಮಲ್ಲಿಗೆ ಬಂದಾಗಲೆಲ್ಲ "ನಮ್ಮ ನಂದಿನಿಯ ರುಚಿ ಇದಕ್ಕಿಲ್ಲಪ್ಪ" ಎನ್ನುತ್ತಾರೆ. ಹಾಗೆನ್ನುತ್ತಲೇ ಎರಡನೆಯ ಲೋಟಕ್ಕೆ ಕೈ ಚಾಚುತ್ತಾರೆ.

ಕೇರಳ ಬೆಳಗ್ಗೆದ್ದು ಕಣಿ (ದಿನದ ಮೊದಲ ಶುಭದರ್ಶನ) ಕಾಣುವ ಒಳಿತು ತಾನೇ ಎಂದು ಮಿಲ್ಮಾದ ಜಾಹೀರಾತು ಹೇಳಿಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಕಣಿ ಕಾಣುವುದು ಗೇಟಿಗೆ ನೇತಾಡುವ ಚೀಲ. ಅದರಲ್ಲಿ ತೊಟ್ಟೆ ಇಟ್ಟು ಹೋಗುವ ಹಾಲಿನಣ್ಣನನ್ನು ಕಂಡವರು ಕಡಿಮೆ. ಆಟಿಯ ಮಳೆಯಲ್ಲಿ, ನಾವು ಕಂಬಳಿಯೊಳಗೆ ಮಗ್ಗುಲು ಬದಲಿಸುವ ಹೊತ್ತಿಗೆ, ಅವರ ಸ್ಕೂಟರು ಗುಡ್ಡ ಹತ್ತಿ ಇಳಿದಿರುತ್ತದೆ. ದರ್ಶನವೇನಿದ್ದರೂ ತಿಂಗಳ ಮೊದಲ ವಾರ. ಆಗ ಅವರ ಪುಸ್ತಕಕ್ಕೂ ನಮ್ಮ ಕ್ಯಾಲೆಂಡರಿನ ಗೀಟುಗಳಿಗೂ ಮಹಾಯುದ್ಧ. "ಹದಿನೈದಕ್ಕೆ ನಾವು ಮದುವೆಗೆ ಹೋಗಿದ್ದೆವಲ್ಲ, ಹಾಲು ಬೇಡ ಅಂದಿದ್ದೆವು" ಎಂದು ಅತ್ತೆ. "ಅದರ ಮರುದಿನ ನೆಂಟರು ಬಂದರೆಂದು ಎರಡು ತೊಟ್ಟೆ ಜಾಸ್ತಿ ಹಾಕಿದ್ದೆನಲ್ಲ ಅಮ್ಮ" ಎಂದು ಅವರು. ಕೊನೆಗೆ ಗೆಲ್ಲುವುದು ಅವರ ಪುಸ್ತಕವೇ. ನಮ್ಮ ನೆಂಟರ ಲೆಕ್ಕ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಸಹಕಾರಿಗಳು ಮೂರು ಮೆಟ್ಟಿಲಿನ ವ್ಯವಸ್ಥೆ ಎನ್ನುತ್ತಾರೆ. ನಮ್ಮ ಮನೆಯ ಮುರಕಲ್ಲಿನ ಮೆಟ್ಟಿಲುಗಳನ್ನು ಅವರು ಲೆಕ್ಕಕ್ಕೇ ಹಿಡಿದಿಲ್ಲ. ಒಕ್ಕೂಟ ಯಾವುದೇ ಇರಲಿ, ಅವನ್ನು ಹತ್ತುವವರು ಒಂದು ದಿನ ಬಾರದಿದ್ದರೆ ಬೆಳಗ್ಗೆ ಹಾಲಿಲ್ಲದ ಕಣ್ಣ ಚಾಯವೇ ಗತಿ. ಆದ್ದರಿಂದ ಓದುಗರಲ್ಲಿ ಒಂದು ವಿನಂತಿ: ಮಿಲ್ಮಾ ಮೇಲೋ ನಂದಿನಿ ಮೇಲೋ ಎಂಬ ಚರ್ಚೆ ನಿಧಾನಕ್ಕೆ ನಡೆಯಲಿ, ಹಾಲಿನವರ ತಿಂಗಳ ಲೆಕ್ಕವನ್ನು ಮಾತ್ರ ಒಂದನೇ ತಾರೀಕಿಗೇ ಚುಕ್ತಾ ಮಾಡಿ.