‘ಸಣ್ಣದೊಂದು ಚೇಂಜ್’ ಇಲಾಖೆ

ಬೆಂಗಳೂರಿನ ಯಾವುದೇ ಕಂಪನಿ ‘ಮಾರ್ಕೆಟಿಂಗ್ ಸಪೋರ್ಟ್ ಎಕ್ಸಿಕ್ಯೂಟಿವ್ ಬೇಕಾಗಿದ್ದಾರೆ’ ಎಂದು ಜಾಹೀರಾತು ಕೊಟ್ಟರೆ, ಅದರಡಿಯಲ್ಲಿ ‘ದಿನವೂ ವೈವಿಧ್ಯಮಯ ಕೆಲಸ’ ಎಂಬ ಆಮಿಷ ಇದ್ದೇ ಇರುತ್ತದೆ. ಸುಳ್ಳೇನಲ್ಲ. ಆಫೀಸಿನಲ್ಲಿ ಯಾರೂ ತಮ್ಮದೆಂದು ಒಪ್ಪಿಕೊಳ್ಳದ ಕೆಲಸಗಳನ್ನೆಲ್ಲ ಗುಡಿಸಿ ಒಂದೇ ಮೇಜಿನ ಮೇಲೆ ಸುರಿದರೆ ವೈವಿಧ್ಯ ತಾನಾಗಿಯೇ ಬರುತ್ತದೆ. ಮಾರ್ಕೆಟಿಂಗ್ ಹೆಡ್ ಹತ್ತಿರ ಸ್ಟ್ರ್ಯಾಟಜಿ ಇದೆ. ಬ್ರ್ಯಾಂಡ್ ಮ್ಯಾನೇಜರ್ ಹತ್ತಿರ ವಿಷನ್ ಇದೆ. ಏಜೆನ್ಸಿಯವರ ಹತ್ತಿರ ಐಡಿಯಾ ಇದೆ. ಸಪೋರ್ಟಿನಾಕೆಯ ಹತ್ತಿರ ಪ್ರೆಸ್ಸಿನವರ ಫೋನ್ ನಂಬರ್ ಇದೆ. ಆದ್ದರಿಂದ ಕಂಪನಿ ನಡೆಯುತ್ತಿದೆ.

ಈ ಇಲಾಖೆಯ ದಿನ ಶುರುವಾಗುವುದು ‘ಸಣ್ಣದೊಂದು ಚೇಂಜ್’ ಎಂಬ ಮೇಲ್‌ನಿಂದ. ಚೇಂಜ್ ಸಣ್ಣದೋ ದೊಡ್ಡದೋ ಎಂಬುದನ್ನು ತೀರ್ಮಾನಿಸುವವರು ಅದನ್ನು ಕೇಳುವವರು, ಮಾಡುವವರಲ್ಲ. ಕೇಳಲು ಅರ್ಧ ನಿಮಿಷ ಸಾಕಾಗಿದ್ದರೆ ಅದು ಸಣ್ಣದು.

ರಾಜ್ಯೋತ್ಸವದ ಪೋಸ್ಟರನ್ನೇ ತೆಗೆದುಕೊಳ್ಳಿ. ನವೆಂಬರ್ 1ರ ಮಹತ್ವ ನಾಡಿಗೆಲ್ಲ 1956ರಿಂದ ಗೊತ್ತು. ಮಾರ್ಕೆಟಿಂಗ್ ವಿಭಾಗಕ್ಕೆ ಮಾತ್ರ ಅದು ಪ್ರತಿವರ್ಷ ಅಕ್ಟೋಬರ್ 31ರ ಸಂಜೆ ಐದಕ್ಕೆ ಹೊಳೆಯುತ್ತದೆ. ಹಳದಿ–ಕೆಂಪು ಹಿನ್ನೆಲೆ, ನಡುವೆ ತಾಯಿ ಭುವನೇಶ್ವರಿ, ಪಕ್ಕದಲ್ಲೇ ಕಂಪನಿಯ ಪ್ರೆಶರ್ ಕುಕ್ಕರ್. ಡಿಸೈನು ಅಪ್ರೂವಲ್‌ಗೆಂದು ಗುರುಗ್ರಾಮದ ಹೆಡ್ಡಾಫೀಸಿಗೆ ಹೋಗುತ್ತದೆ. ಅಲ್ಲಿ ಅದನ್ನು ನೋಡುವ ಐದು ಜನರಲ್ಲಿ ಒಬ್ಬರಿಗೂ ಕನ್ನಡ ಓದಲು ಬಾರದು. ಹಾಗಾಗಿ ಐದೂ ಜನ ಧೈರ್ಯವಾಗಿ ತಿದ್ದುತ್ತಾರೆ. ‘ಅಕ್ಷರಗಳ ಕೆಳಗೆ ಏನೇನೋ ನೇತಾಡುತ್ತಿದೆ, ಲುಕ್ ಹಾಳಾಗ್ತಿದೆ, ಕ್ಲೀನ್ ಮಾಡಿ.’ ನೇತಾಡುತ್ತಿರುವುದು ಒತ್ತಕ್ಷರ. ಅದನ್ನು ಕ್ಲೀನ್ ಮಾಡಿದರೆ ರಾಜ್ಯ ಹೋಗಿ ರಾಜ ಉಳಿಯುತ್ತಾನೆ. ಇದನ್ನು ಯಾರ ಮನಸ್ಸಿಗೂ ನೋವಾಗದಂತೆ ಇಂಗ್ಲಿಷಿನಲ್ಲಿ ವಿವರಿಸಿ ಮೇಲ್ ಹಾಕುವುದೂ ಸಪೋರ್ಟಿನ ಕೆಲಸವೇ.

ಅಲ್ಲಿಂದ ಪಾರಾಗಿ ಫೈಲು ಪ್ರೆಸ್ಸಿಗೆ ಬಂದರೆ ಎರಡನೇ ಅಂಕ. ಆಕೆ ಯೂನಿಕೋಡಿನಲ್ಲಿ ಟೈಪಿಸಿದ್ದನ್ನು ಪ್ರೆಸ್ಸಿನ ಹಳೆಯ ಕೋರೆಲ್ ಡ್ರಾ ತೆರೆದ ಕೂಡಲೇ, ‘ರಾಜ್‌ಯೋತ್‌ಸವ’ ಎಂದು ಒತ್ತುಗಳೆಲ್ಲ ಆಸ್ತಿ ಪಾಲಾದ ಅಣ್ಣತಮ್ಮಂದಿರ ಹಾಗೆ ಬೇರೆ ಬೇರೆ ನಿಂತಿರುತ್ತವೆ. ಮತ್ತೆ ನುಡಿ ಫಾಂಟಿಗೆ ಕನ್ವರ್ಟ್ ಮಾಡಬೇಕು, ಕಳಚಿದ ದೀರ್ಘಗಳನ್ನು ಹುಡುಕಿ ಜೋಡಿಸಬೇಕು. ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿನಲ್ಲಿ ಪ್ರೂಫ್ ಬರುತ್ತದೆ: ‘ಮೇಡಂ, ಓಕೆನಾ? ಮಷೀನಿಗೆ ಹಾಕ್ಬಿಡ್ಲಾ?’ ಬೆಳಿಗ್ಗೆ ಪೋಸ್ಟರ್ ಹೊರಬಿದ್ದಾಗ ಹೆಡ್ ಸಾಹೇಬರು ಕಾಮೆಂಟ್ ಹಾಕುತ್ತಾರೆ: ‘ಪ್ರೌಡ್ ಆಫ್ ಮೈ ಕ್ರಿಯೇಟಿವ್ ಟೀಮ್.’ ಸಪೋರ್ಟಿನಾಕೆ ಕ್ರಿಯೇಟಿವ್ ಟೀಮಿನಲ್ಲಿಲ್ಲ. ಕಾಮೆಂಟಿಗೆ ಲೈಕ್ ಒತ್ತಿರೆಂದು ಇಡೀ ಆಫೀಸಿಗೆ ಮೇಲ್ ಕಳಿಸುವ ಟೀಮಿನಲ್ಲಿದ್ದಾಳೆ.

ಕಾನೂನು ಪಾಲನೆಯೂ ಅವಳ ತಲೆಗೇ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲೇ ಇರಬೇಕು ಎಂದು 2024ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ಮೇಲಿನವರು ಕೇಳಿದ ಮೊದಲ ಪ್ರಶ್ನೆ: ‘ಆ ಅರವತ್ತನ್ನು ಹಿನ್ನೆಲೆಯ ಬಣ್ಣದಲ್ಲೇ ಬರೆಸಿದರೆ ನಡೆಯುತ್ತಾ?’ ಇನ್ನು ಎಸ್ಸೆಮ್ಮೆಸ್ಸು. ಟೆಲಿಕಾಂ ನಿಯಂತ್ರಕ ಟ್ರಾಯ್‌ನ 2018ರ ನಿಯಮಾವಳಿಯ ಪ್ರಕಾರ ಪ್ರಚಾರದ ಒಂದೊಂದು ಸಂದೇಶದ ಒಕ್ಕಣೆಯೂ ಟೆಲಿಕಾಂ ಕಂಪನಿಯ ಡಿಎಲ್‌ಟಿ ಪೋರ್ಟಲ್‌ನಲ್ಲಿ ಮೊದಲೇ ನೋಂದಣಿಯಾಗಿರಬೇಕು; ಒಂದು ಪದ ಬದಲಾದರೂ ಮೆಸೇಜು ದಾಟುವುದಿಲ್ಲ. ರಾತ್ರಿ ಒಂಬತ್ತರ ಮೇಲೆ ಪ್ರಚಾರದ ಮೆಸೇಜು ಹೋಗುವುದೂ ಇಲ್ಲ. ಬ್ರ್ಯಾಂಡ್ ಮ್ಯಾನೇಜರಿಗೆ ‘ಭಾರಿ ರಿಯಾಯಿತಿ’ ತೆಗೆದು ‘ಬಂಪರ್ ರಿಯಾಯಿತಿ’ ಹಾಕಬೇಕು ಎಂದು ಜ್ಞಾನೋದಯವಾಗುವುದು ಎಂಟೂ ಮುಕ್ಕಾಲಿಗೆ. ಆಗುವುದಿಲ್ಲ ಎಂದರೆ, ‘ಟ್ರಾಯ್‌ನವರಿಗೆ ಒಂದು ಫಾಲೋಅಪ್ ಮಾಡಿ’ ಎನ್ನುತ್ತಾರೆ. ಟ್ರಾಯ್ ಕೂಡ ತಮ್ಮ ವೆಂಡರ್ ಪಟ್ಟಿಯಲ್ಲಿದೆ ಎಂದೇ ಅವರ ತಿಳಿವಳಿಕೆ.

ವರ್ಷಕ್ಕೊಮ್ಮೆ ಎಕ್ಸ್‌ಪೋ ಬರುತ್ತದೆ. ತುಮಕೂರು ರಸ್ತೆಯ ಮಾದಾವರದ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ಸ್ಟಾಲು. 2024ರ ನವೆಂಬರಿನಲ್ಲಿ ಮೆಟ್ರೋ ಮಾದಾವರ ಮುಟ್ಟಿದ್ದರಿಂದ ಕಂಪನಿಗೆ ಬಹಳ ಅನುಕೂಲವಾಯಿತು. ಸ್ಟ್ಯಾಂಡಿಗಳನ್ನು ಮಡಚಿ ಮೆಟ್ರೋದಲ್ಲೇ ತರಬಹುದಲ್ಲ ಎಂದು ಆಕೆಯ ಕ್ಯಾಬ್ ಬಿಲ್ ರದ್ದು ಮಾಡಿದರು. ಸ್ಟಾಲಿನಲ್ಲಿ ಗಾಜಿನ ಬಟ್ಟಲು ಇಟ್ಟು, ವಿಸಿಟಿಂಗ್ ಕಾರ್ಡ್ ಹಾಕಿದವರಿಗೆ ಲಕ್ಕಿ ಡ್ರಾ. ಬಟ್ಟಲು ತುಂಬುತ್ತದೆ: ಚೀಲ ಕೇಳಿಕೊಂಡು ಬಂದ ಕಾಲೇಜು ಹುಡುಗರು, ಪಕ್ಕದ ಸ್ಟಾಲಿನವರು, ಇನ್ಶೂರೆನ್ಸ್ ಏಜೆಂಟರು. ಅವೆಲ್ಲವನ್ನೂ ಎಕ್ಸೆಲ್‌ಗೆ ಹತ್ತಿಸಿದ ಮೇಲೆ ಮಾರ್ಕೆಟಿಂಗ್ ಹೆಡ್ ಅದನ್ನು ‘ಲೀಡ್ಸ್’ ಎಂದು ಮೀಟಿಂಗಿನಲ್ಲಿ ತೋರಿಸುತ್ತಾರೆ. ಸೇಲ್ಸ್‌ನವರು ಫೋನ್ ಮಾಡಿ ಬೈಸಿಕೊಂಡ ಮೇಲೆ ‘ಡೇಟಾ ಎಂಟ್ರಿ ಸರಿಯಿಲ್ಲ’ ಎಂದು ತೀರ್ಪು ಬರುತ್ತದೆ. ಇಲ್ಲಿನ ಗಣಿತ ಸರಳ: ಗೆದ್ದರೆ ಸ್ಟ್ರ್ಯಾಟಜಿ, ಸೋತರೆ ಸಪೋರ್ಟ್.

ಇದರ ನಡುವೆ ಸಾಹೇಬರ ಲಿಂಕ್ಡ್‌ಇನ್ ಖಾತೆಗೂ ಆಕೆಯೇ ಬರೆಯಬೇಕು. ‘ಸಂಜೆ ಆರರ ನಂತರ ನನ್ನ ತಂಡಕ್ಕೆ ನಾನು ಮೇಲ್ ಕಳಿಸುವುದಿಲ್ಲ’ ಎಂಬ, ಸಾವಿರಾರು ಚಪ್ಪಾಳೆ ಗಿಟ್ಟಿಸಿದ ಪೋಸ್ಟನ್ನು ಬರೆಯಲು ಸೂಚನೆ ಬಂದದ್ದು ರಾತ್ರಿ ಹತ್ತೂವರೆಗೆ. ಮೇಲ್ ಅಲ್ಲ, ವಾಟ್ಸಾಪ್. ಮಾತಿಗೆ ತಪ್ಪುವವರಲ್ಲ ಅವರು. ಅಪ್ರೈಸಲ್‌ನಲ್ಲಿ ‘ಒಂದೇ ಕೆಲಸದ ಮೇಲೆ ಫೋಕಸ್ ಇಲ್ಲ’ ಎಂದು ಬರೆದವರೂ ಅವರೇ.

ಹಾಗೆಂದು ಆಕೆ ಬರೀ ಪೆಟ್ಟು ತಿನ್ನುವವಳಲ್ಲ, ದಾಟಿಸುವವಳೂ ಹೌದು. ಮೇಲಿಂದ ಬಂದ ‘ಅರ್ಜೆಂಟ್’ ಅವಳ ಬಾಯಿಂದಲೇ ಪ್ರೆಸ್ಸಿಗೆ ಇಳಿಯುತ್ತದೆ. ‘ಅಣ್ಣ, ಇದೊಂದು ಸಲ’ ಎಂದರೆ ಅವರು ರಾತ್ರಿಯೆಲ್ಲ ಮಷೀನು ಓಡಿಸುತ್ತಾರೆ. ಆಮೇಲೆ ಶುರು ಅವರ ಸರದಿ: ‘ಮೇಡಂ, ದಸರಾದ ಪೇಮೆಂಟು?’ ‘ಫೈನಾನ್ಸ್‌ನಲ್ಲಿದೆ ಅಣ್ಣ.’ ಸಂಕ್ರಾಂತಿಗೂ ಅದೇ ಸಂಭಾಷಣೆ. ಸಣ್ಣ ಉದ್ದಿಮೆಗಳಿಗೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಕೊಡದಿದ್ದರೆ ಕೊಡುವ ತನಕ ಆ ಖರ್ಚನ್ನು ಲೆಕ್ಕದಲ್ಲಿ ಕಳೆಯುವಂತಿಲ್ಲವೆಂದು 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯವರೂ ಬಿಗಿ ಮಾಡಿದರು. ದಿನ ಎಣಿಸಬೇಕಾದದ್ದು ಮಾಲು ಒಪ್ಪಿಕೊಂಡಂದಿನಿಂದ ಎಂದು ಕಾನೂನು. ಬಿಲ್ಲು ಪೋರ್ಟಲ್ ಹತ್ತಿದಂದಿನಿಂದ ಎಂದು ಫೈನಾನ್ಸ್. ಬಿಲ್ಲು ಪೋರ್ಟಲ್ ಹತ್ತಲು ಪಿಓ, ಅಂದರೆ ಪರ್ಚೇಸ್ ಆರ್ಡರ್ ನಂಬರ್ ಬೇಕು. ಪೋಸ್ಟರ್ ಅರ್ಜೆಂಟಾಗಿದ್ದರಿಂದ ಪಿಓ ಮಾಡಿರಲಿಲ್ಲ.

ಹಾಗೆ ನೋಡಿದರೆ ಈ ಬ್ರ್ಯಾಂಡಿನಲ್ಲಿ ನಿಜವಾಗಿ ಬಂಡವಾಳ ಹೂಡಿದವರು ಪ್ರೆಸ್ಸಿನವರೇ. ಕಾಗದ ಅವರದು, ಮಸಿ ಅವರದು, ಕರೆಂಟ್ ಬಿಲ್ ಅವರದು. ಬಡ್ಡಿಯನ್ನಂತೂ ಅವರು ಕೇಳಿಯೇ ಇಲ್ಲ. ಮುಂದಿನ ಎಕ್ಸ್‌ಪೋದಲ್ಲಿ ಅವರ ಪ್ರೆಸ್ಸಿನ ಹೆಸರನ್ನು ‘ಮುಖ್ಯ ಪ್ರಾಯೋಜಕರು’ ಎಂದು ದೊಡ್ಡದಾಗಿ ಹಾಕಿಸಬೇಕು. ಆ ಬೋರ್ಡನ್ನೂ ಅವರೇ ಪ್ರಿಂಟ್ ಮಾಡಿಕೊಡುತ್ತಾರೆ. ಬಿಲ್ಲಿನ ಮೇಲೆ ಪಿಓ ನಂಬರ್ ಇದ್ದರಾಯಿತು.