ಎತ್ತು ನಡೆದ ಜಾಗದಲ್ಲಿ ಸೈಕಲ್ಲು

ಮಂಜಲ್‌ಪುರ ಎಂದರೆ ಕನ್ನಡದ ಕಿವಿಗೆ ಮಂಜು ಕೇಳಿಸೀತು, ತುಳುವಿನ ಕಿವಿಗೆ ಅರಿಶಿನ. ವಡೋದರದ ಈ ಬಡಾವಣೆಯಲ್ಲಿ ಇವೆರಡೂ ಹೇಳಿಕೊಳ್ಳುವಷ್ಟಿಲ್ಲ. ಫ್ಲ್ಯಾಟುಗಳಿವೆ, ಸ್ಕೂಟರುಗಳಿವೆ, ನೆರೆಯಲ್ಲೇ ಪ್ರತಾಪನಗರದ ರೈಲು ನಿಲ್ದಾಣವಿದೆ. (ಪಕ್ಕದಲ್ಲೊಂದು ಲಾಲ್‌ಬಾಗೂ ಇದೆ. ಬೆಂಗಳೂರಿನವರು ಹೆಮ್ಮೆಯನ್ನು ತುಸು ತಗ್ಗಿಸಿಕೊಳ್ಳಬಹುದು.) ಆ ಪ್ರತಾಪನಗರದಿಂದ ಪಾದ್ರಾ ಮಾರ್ಗವಾಗಿ ಜಂಬೂಸರಕ್ಕೆ 51 ಕಿಲೋಮೀಟರಿನ, ರೈಲು ನಿಂತುಹೋದ ನ್ಯಾರೋಗೇಜ್ ದಾರಿಯೊಂದಿದೆ. ಅದನ್ನು ಶನಿವಾರ, ಭಾನುವಾರದ ಸೈಕಲ್ಲಿಗರಿಗೆ ಬಿಟ್ಟುಕೊಡಬೇಕೆಂಬುದು ನನ್ನ ವಾದ. ಹೋಗಲು ಒಂದು ದಿನ, ಬರಲು ಒಂದು ದಿನ. ವಾರಾಂತ್ಯದ ಅಳತೆ ತೆಗೆದೇ ಹೊಲಿಸಿದ ಹಾಗಿದೆ.

ರೈಲಿಗೂ ಸೋಮಾರಿ ಸೈಕಲ್ಲಿಗನಿಗೂ ಸ್ವಭಾವ ಒಂದೇ, ಇಬ್ಬರಿಗೂ ಏರು ಕಂಡರೆ ಆಗುವುದಿಲ್ಲ. ರೈಲಿನ ಮರ್ಜಿ ಕಾಯಲು ಎಂಜಿನಿಯರುಗಳು ಗುಡ್ಡ ಕಡಿದರು, ತಗ್ಗು ತುಂಬಿದರು. ರೈಲು ಹೋದಮೇಲೂ ಆ ಉಪಕಾರ ಅಲ್ಲೇ ಬಿದ್ದಿರುತ್ತದೆ. ನ್ಯೂಜಿಲೆಂಡಿನ ಒಟಾಗೊದಲ್ಲಿ 1990ರಲ್ಲಿ ನಿಂತ ರೈಲುದಾರಿ 2000ದಲ್ಲಿ ಸುಮಾರು 150 ಕಿಲೋಮೀಟರಿನ ಸೈಕಲ್ ದಾರಿಯಾಯಿತು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಎಲ್ರಾಯ್‌ನಿಂದ ಸ್ಪಾರ್ಟಾಕ್ಕೆ 1960ರ ದಶಕದಿಂದಲೇ ಜನ ಮೂರು ಸುರಂಗ ನುಗ್ಗಿ ತುಳಿಯುತ್ತಿದ್ದಾರೆ. ಅದೆಲ್ಲ ಬಿಳಿಯರ ಚಟ, ನಮ್ಮವರಿಗೆ ಯಾಕೆ ಎನ್ನುವವರು ಸಕಲೇಶಪುರವನ್ನು ನೆನೆಯಲಿ. ಹಾಸನ–ಮಂಗಳೂರಿನ ಮೀಟರ್‌ಗೇಜ್ ದಾರಿಯನ್ನು ತೊಂಬತ್ತರ ದಶಕದಲ್ಲಿ ಬ್ರಾಡ್‌ಗೇಜಿಗಾಗಿ ಮುಚ್ಚಿದರು. ಪ್ರಯಾಣಿಕರ ರೈಲು ಮರಳಿದ್ದು 2007ರ ಕೊನೆಗೆ. ನಡುವಿನ ವರ್ಷಗಳಲ್ಲಿ ಬೆಂಗಳೂರಿನ ಚಾರಣಿಗರು ಸುಬ್ರಹ್ಮಣ್ಯದ ಕಡೆಗೆ ಹಳಿಗುಂಟ ನಡೆದರು, ಜಲ್ಲಿ ತುಳಿದು, ಸ್ಲೀಪರು ಎಣಿಸಿ, ಸುರಂಗದಲ್ಲಿ ಬಾವಲಿಗಳಿಗೆ ತಲೆಬಾಗಿ. ಯಾರೂ ಕರೆದಿರಲಿಲ್ಲ, ಯಾರೂ ದಾರಿ ಸವರಿರಲಿಲ್ಲ. ಬಡಿಸದಿದ್ದರೂ ಪಂಕ್ತಿಯಲ್ಲಿ ಕೂತವರಿಗೆ ಹಸಿವಿಲ್ಲವೆನ್ನಲು ಹೇಗೆ ಸಾಧ್ಯ?

ಆದರೆ ಅದು ಘಟ್ಟ, ಐವತ್ತು ಅಡಿಗೆ ಒಂದಡಿ ಏರುವ ದಾರಿ. ಹಪ್ಪಳದಂತೆ ಚಪ್ಪಟೆಯಾಗಿರುವ ಜಂಬೂಸರದ ಬಯಲಿನಲ್ಲಿ ಏರು ತಪ್ಪಿಸಿದ ಪುಣ್ಯ ಯಾರಿಗೆ ಬೇಕು? ಆಕ್ಷೇಪ ಸರಿ, ಗುಜರಾತಿನ ಈ ಭಾಗದಲ್ಲಿ ಸೈಕಲ್ಲಿಗನಿಗೆ ಎದುರಾಗುವ ಏರೆಂದರೆ ಮೇಲ್ಸೇತುವೆ ಮಾತ್ರ. ಇಲ್ಲಿ ನನ್ನ ಸಾಕ್ಷಿ ಬೇರೆ. ಇದೇ ನ್ಯಾರೋಗೇಜ್ ಬಳಗದ ಹಿರಿಯಣ್ಣ ದಭೋಯಿ–ಮಿಯಾಗಾಮ್ ದಾರಿ. 1862ರಲ್ಲಿ ಖಂಡೇರಾವ್ ಗಾಯಕವಾಡರ ಬರೋಡಾ ಸಂಸ್ಥಾನದಲ್ಲಿ ಅದು ತೆರೆದಾಗ ಗಾಡಿ ಎಳೆದದ್ದು ಎಂಜಿನ್ನಲ್ಲ, ಎತ್ತು. ಆ ಹಳಿ ಎಂಜಿನ್ನಿನ ಭಾರ ತಾಳುವಂಥದ್ದಾಗಿರಲಿಲ್ಲ. ಮುಂದೆ ಗಟ್ಟಿ ಹಳಿ ಹಾಸಿ ಉಗಿಬಂಡಿಯನ್ನು ನೆಲೆಗೊಳಿಸಲು ಸುಮಾರು ಎರಡು ದಶಕ ಬೇಕಾಯಿತು. ಎಂದಮೇಲೆ ಇಲ್ಲಿ ರೈಲು ಹೋಗಿ ಸೈಕಲ್ಲು ಬಂದರೆ ಅದನ್ನು ಹಿಂಬಡ್ತಿ ಎನ್ನಲಾಗದು. ಈ ವಂಶ ಶುರುವಾದದ್ದೇ ಕಾಲಿನ ಬಲದಿಂದ.

ಪರಂಪರೆಯ ಅಭಿಮಾನಿಗಳು ಈಗ ಎದ್ದು ನಿಲ್ಲುತ್ತಾರೆ. ಪ್ರತಾಪನಗರ–ಜಂಬೂಸರ, ದಭೋಯಿ–ಮಿಯಾಗಾಮ್ ಸೇರಿ ಗುಜರಾತಿನ ಐದು ನ್ಯಾರೋಗೇಜ್ ದಾರಿಗಳನ್ನು, ಒಟ್ಟು 204 ಕಿಲೋಮೀಟರನ್ನು, ಉಳಿಸಿಕೊಳ್ಳಬೇಕೆಂದು 2018ರಲ್ಲಿ ರೈಲ್ವೆಯೇ ಆರಿಸಿತ್ತು. ನೀವು ಹಳಿ ಕೀಳಲು ಹೊರಟಿರೇ? ಇಲ್ಲ ಸ್ವಾಮಿ. ಹಳಿಯಿಂದ ಹಳಿಗೆ 762 ಮಿಲಿಮೀಟರು, ಅಂದರೆ ಎರಡೂವರೆ ಅಡಿ. ಸೈಕಲ್ಲಿನ ಹ್ಯಾಂಡಲ್ಲು ಸುಮಾರು ಎರಡಡಿ. ನಡುವೆ ಗಟ್ಟಿ ನೆಲ ಹಾಸಿದರೆ ಹಳಿಗೆ ಹಳಿಯೂ ಉಳಿಯಿತು, ಸೈಕಲ್ಲಿಗೆ ದಾರಿಯೂ ಆಯಿತು. ಮುಂದೆ ರೈಲೇ ಬೇಕೆನಿಸಿದರೆ? ಬರಲಿ. ಇದೇ ಬಳಗದ ಚಾಂದೋದಿನ ನ್ಯಾರೋಗೇಜು ಬ್ರಾಡ್‌ಗೇಜಾಗಿ 2021ರಲ್ಲಿ ಏಕತಾ ಪ್ರತಿಮೆಯ ಸಮೀಪಕ್ಕೇ ಹೋಗಲಿಲ್ಲವೇ? ಅಮೆರಿಕದವರು 1983ರಲ್ಲಿ ಇದಕ್ಕೊಂದು ಕಾನೂನನ್ನೇ ಮಾಡಿದರು: ರೈಲಿನ ಜಾಗ ಸದ್ಯಕ್ಕೆ ಸೈಕಲ್ಲಿಗೆ, ರೈಲು ಕೇಳಿದ ದಿನ ವಾಪಸ್ಸು. ಆ ಏರ್ಪಾಡಿಗೆ ರೈಲ್‌ಬ್ಯಾಂಕಿಂಗ್ ಎಂದೇ ಹೆಸರು. ಠೇವಣಿಯ ಮರ್ಮವನ್ನು ಗುಜರಾತಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಖಾಲಿ ಬಿಟ್ಟ ಜಾಗಕ್ಕೆ ನಮ್ಮಲ್ಲಿ ಮೊದಲ ತಿಂಗಳು ಚಹಾದ ಗಾಡಿ ಬರುತ್ತದೆ, ಮೂರನೆಯ ತಿಂಗಳು ತಗಡಿನ ಮಾಡು, ವರ್ಷ ತುಂಬುವುದರೊಳಗೆ ಕರೆಂಟಿನ ಮೀಟರು. ಆಮೇಲೆ ಠೇವಣಿ ಬಿಡಿಸಿಕೊಳ್ಳಲು ಕೋರ್ಟಿಗೆ ಅಲೆಯಬೇಕು.

ಬಿಸಿಲಿನ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಮೇ ತಿಂಗಳಲ್ಲಿ ಆ ಬಯಲಿಗೆ ಎತ್ತೂ ಇಳಿಯಲಾರದು. ಚಳಿಗಾಲವೇ ಗತಿ. ಅದರಲ್ಲೂ ಉತ್ತರಾಯಣದ ಆಸುಪಾಸು ಬಿಡಬೇಕು, ಗಾಳಿಪಟದ ಮಾಂಜಾ ದಾರಕ್ಕೆ ಸೈಕಲ್ಲಿಗನ ಕತ್ತೂ ಎದುರಾಳಿಯ ಪಟವೂ ಒಂದೇ. ಇನ್ನು ಕಟ್ಟಕಡೆಯ ಆಕ್ಷೇಪ: ಎರಡೂವರೆ ಅಡಿಯ ದಾರಿಯಲ್ಲಿ ಎದುರಿನಿಂದ ಇನ್ನೊಬ್ಬ ಬಂದರೆ? ಒಂಟಿ ಹಳಿಯ ಈ ಪ್ರಶ್ನೆಗೆ ರೈಲ್ವೆ ಎಂದೋ ಉತ್ತರ ಕೊಟ್ಟಿದೆ. ಟೋಕನ್ ಸಿಕ್ಕಿಸಿದ ಬಳೆ ಕೈಯಲ್ಲಿದ್ದವನಿಗೆ ಮಾತ್ರ ದಾರಿ. ಜಂಬೂಸರದಿಂದ ತುಳಿದುಕೊಂಡು ಬರುವವನು ಆ ಬಳೆಯನ್ನು ಪಾದ್ರಾದಲ್ಲಿ ತಂದೊಪ್ಪಿಸುವ ತನಕ ಮಂಜಲ್‌ಪುರದವನು ಅಲ್ಲೇ ಕಾಯಬೇಕು. ಕಾಯಲು ಒಂದು ತಟ್ಟೆ ಸೇವ್ ಉಸಲ್ ಸಾಲದೇ ಹೋದರೆ ಎರಡು.