ಗುಂಡಿ ಪಾಸಾಗಲಿ, ಅಮ್ಮ!

ಕೊಲರಾಡೋದ ಬೆಟ್ಟದ ಮೇಲೆ ಮನೆ ಕಟ್ಟುತ್ತೇನೆ ಅಂದಾಗ ಎಲ್ಲರೂ ಹಿಮ, ಕರಡಿ ಅಂತ ಹೆದರಿಸಿದರು. ಸೆಪ್ಟಿಕ್ ಟ್ಯಾಂಕಿನ ಬಗ್ಗೆ ಮಾತ್ರ ಒಬ್ಬರೂ ಉಸಿರೆತ್ತಲಿಲ್ಲ. ಇಲ್ಲಿ ಒಳಚರಂಡಿಯಿಲ್ಲ, ಮೊದಲು ಕೌಂಟಿಯವರ ಪರ್ಮಿಟ್, ಆಮೇಲೆ ಮಿಕ್ಕಿದ್ದು. ಹೆಣ್ಣು ನೋಡಲು ಬಂದವರ ಗತ್ತಿನಲ್ಲಿ ಎಂಜಿನಿಯರು ಬಂದ. ಗುಂಡಿ ತೋಡಿಸಿ, ಒಳಗಿಳಿದು, ಮಣ್ಣನ್ನು ಒದ್ದೆ ಮಾಡಿ ಬೆರಳಲ್ಲಿ ಹೊಸೆದು ನೋಡಿದ. ಬಂಡೆ ಎಷ್ಟು ಆಳದಲ್ಲಿದೆ ಅಂತ ಅಳೆದು ನಿಟ್ಟುಸಿರಿಟ್ಟ. ಕೊಳಚೆ ನೀರು ಇಂಗುವ ಜಾಗ ಬಾವಿಯಿಂದ 100 ಅಡಿ ದೂರವಿರಬೇಕಂತೆ. ನನ್ನ ಜಾಗದಲ್ಲೋ ಅರ್ಧ ಬಂಡೆ, ಇನ್ನರ್ಧ ಇಳಿಜಾರು!

ಟ್ಯಾಂಕಿನ ಗಾತ್ರ ನಿಂತಿರುವುದು ಮಲಗುವ ಕೋಣೆಗಳ ಲೆಕ್ಕದ ಮೇಲೆ: 3 ಕೋಣೆಗೆ ಕನಿಷ್ಠ 1000 ಗ್ಯಾಲನ್, 4 ಆದರೆ 1250. ಬೇಸಿಗೆಗೆ ಬಂದಿಳಿಯುವ ನೆಂಟರು ಯಾವ ಲೆಕ್ಕಕ್ಕೂ ಇಲ್ಲ. ನಕ್ಷೆಯಲ್ಲಿ ನಾಲ್ಕನೆಯದನ್ನು ‘ದೇವರ ಮನೆ’ ಅಂತ ತೋರಿಸಿದ್ದೆ. ಅದಕ್ಕೊಂದು ಕಿಟಕಿ, ಗೋಡೆ ಬೀರು ಇರುವುದನ್ನು ಕಂಡ ಕೌಂಟಿ ಕಚೇರಿಯ ಗುಮಾಸ್ತೆ ಹುಬ್ಬೇರಿಸಿದಳು.

“ಇಲ್ಲಿ ಯಾರು ಮಲಗುತ್ತಾರೆ?”

“ದೇವರು.”

“ಹಾಗಾದರೆ ಬೆಡ್‌ರೂಮೇ!”

ನೈವೇದ್ಯ ತಿನ್ನುವವರು ನಾವೇ, ದೇವರಿಂದ ಟ್ಯಾಂಕಿಗೆ ತೊಟ್ಟು ಹೊರೆಯೂ ಇಲ್ಲ ಅಂತ ಇಂಗ್ಲಿಷಿನಲ್ಲಿ ವಿವರಿಸುವಷ್ಟರಲ್ಲಿ ಬೆವರಿಳಿಯಿತು. ಕೊನೆಗೆ ಬೀರು, ಬಾಗಿಲು ಎರಡನ್ನೂ ನಕ್ಷೆಯಿಂದ ಅಳಿಸಿ ದೇವರನ್ನು ಬಯಲಿಗೆ ತಂದೆ.

ಅಮ್ಮನದು ಫೋನಿನಲ್ಲಿ ಒಂದೇ ರಾಗ: “ಗೃಹಪ್ರವೇಶ ಯಾವಾಗಲೋ?”

“ಗುಂಡಿ ಪಾಸಾಗಲಿ, ಅಮ್ಮ. ಮುಚ್ಚೋ ಮುಂಚೆ ಕೌಂಟಿಯವರು ಬಂದು ಇನ್ನೊಂದು ಸಲ ನೋಡ್ತಾರೆ.”

ಅವಳು ಊರಿಗೆಲ್ಲ ಹೇಳಿದ್ದು ಇಷ್ಟೇ: ಮಗನದು ಅಮೆರಿಕದಲ್ಲಿ ಯಾವುದೋ ದೊಡ್ಡ ಪರೀಕ್ಷೆ ನಡೀತಿದೆ. ಮೊನ್ನೆ ಸೋದರಮಾವ ಫೋನು ಮಾಡಿ, “ಚೆನ್ನಾಗಿ ಓದ್ಕೊಳ್ಳಪ್ಪಾ” ಅಂದರು.